ಅತಿಥಿಗಳ ‘ಟ್ಯಾಟಿ’, ‘ಗ್ರಾಟಿ’ಗಳಿಗೆ ಯಾವ ನಿಘಂಟು? ಸಾಣಾಪುರದ ಹೋಂಸ್ಟೇಯಿಂದ ಒಂದು ವಿಮರ್ಶೆ

ಹಂಪಿಯ ಬಳಿಯ ಆನೆಗುಂದಿ, ಸಾಣಾಪುರದ ಸುತ್ತಮುತ್ತ ಹೋಂಸ್ಟೇ ನಡೆಸುವವರಿಗೆ ವಿದೇಶಿ ಅತಿಥಿಗಳು ಬರೆದುಹೋಗುವ ಅಭಿಪ್ರಾಯಗಳು ಬಲು ಮುಖ್ಯ. ಮುಂದಿನ ಹಂಗಾಮಿನ ಬುಕಿಂಗ್ ಬಹುಪಾಲು ಅವುಗಳನ್ನೇ ಅವಲಂಬಿಸಿರುತ್ತದೆ. ಹೊಗಳಿಕೆಯ ಇಂಗ್ಲಿಷನ್ನು ಅರ್ಥ ಮಾಡಿಕೊಳ್ಳುವುದಕ್ಕೆ ಯಾರ ನೆರವೂ ಬೇಕಾಗುವುದಿಲ್ಲ. ತೊಡಕು ಬರುವುದು ಕೋಣೆ ಹಳತಾಗಿದೆ, ಸಾಮಾನು ಸವೆದಿದೆ, ಅಲಂಕಾರ ಹಿಡಿಸಲಿಲ್ಲ ಎಂಬುದನ್ನು ಅವರು ತಮ್ಮ ಮನೆಮಾತಿನಲ್ಲಿ ಹೇಳಿದಾಗ. ಟ್ಯಾಟಿ, ಗ್ರಾಟಿ, ಟ್ಯಾಕಿ, ನ್ಯಾಫ್, ರ‍್ಯಾಟಿ, ಕ್ಲ್ಯಾಪ್ಡ್ ಔಟ್ ಮುಂತಾದ ಪದಗಳನ್ನು ನಮಗೆ ಶಾಲೆಯಲ್ಲಿ ಯಾರೂ ಕಲಿಸಲಿಲ್ಲ. ಅತಿಥಿಗಳ ಪತ್ರವ್ಯವಹಾರ ನೋಡಿಕೊಳ್ಳುವ ನಾನು ಇಂಥ ಪದಗಳಿಗಾಗಿ ದಿನವೂ ತೆರೆಯುವ ಆಕ್ಸ್‌ಫರ್ಡ್ ಅಡ್ವಾನ್ಸ್‌ಡ್ ಲರ್ನರ್ಸ್ ಡಿಕ್ಷನರಿ ಈ ಕೆಲಸಕ್ಕೆ ಎಷ್ಟರಮಟ್ಟಿಗೆ ಒದಗುತ್ತದೆ ಎಂಬುದೇ ಈ ಬರಹದ ವಿಷಯ.

ಈ ನಿಘಂಟು ಹುಟ್ಟಿದ್ದೇ ಇಂಗ್ಲಿಷ್ ಮಾತೃಭಾಷೆಯಲ್ಲದವರಿಗಾಗಿ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ತಮ್ಮ ಸಹೋದ್ಯೋಗಿಗಳೊಡನೆ ಸಿದ್ಧಪಡಿಸಿದ ಕೋಶ ಮೊದಲು 1942ರಲ್ಲಿ ಅಲ್ಲಿಯೇ ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯ ಅದನ್ನು ತನ್ನ ಹೆಸರಿನಲ್ಲಿ ಹೊರತಂದಿತು. 2020ರಲ್ಲಿ ಬಂದದ್ದು ಹತ್ತನೆಯ ಆವೃತ್ತಿ. ಜಾಲತಾಣದಲ್ಲಿ ಜಾಹೀರಾತುಗಳ ಸಹಿತ ಇದನ್ನು ಉಚಿತವಾಗಿ ನೋಡಬಹುದು.

ಇದರ ನಿಜವಾದ ಉಪಯೋಗ ತಿಳಿಯಬೇಕಾದರೆ ಟ್ಯಾಟಿ ಎಂಬ ಒಂದೇ ಪದವನ್ನು ನೋಡಿದರೆ ಸಾಕು. ಸೊಳ್ಳೆಪರದೆ ಟ್ಯಾಟಿ ಆಗಿದೆ ಎಂದು ಒಬ್ಬ ಬ್ರಿಟಿಷ್ ಅತಿಥಿ ಬರೆದಿದ್ದರು. ಮೊಬೈಲಿನ ಅನುವಾದ ತಂತ್ರಾಂಶವೊಂದು ಅದನ್ನು ‘ಕೊಳಕು’ ಎಂದು ಕನ್ನಡಿಸಿತು. ಅದನ್ನು ನಂಬಿದ ನಮ್ಮ ಹುಡುಗರು ಎಲ್ಲ ಪರದೆಗಳನ್ನೂ ಸೋಪಿನ ನೀರಿನಲ್ಲಿ ನೆನೆಸಿ, ಒಗೆದು, ಒಣಗಿಸಿ ಮತ್ತೆ ಕಟ್ಟಿದರು. ಆಕ್ಸ್‌ಫರ್ಡಿನ ವಿವರಣೆಯಾದರೋ ಬಹಳ ಬಳಸಿದ್ದರಿಂದ ಅಥವಾ ಸರಿಯಾಗಿ ನೋಡಿಕೊಳ್ಳದ್ದರಿಂದ ಕೆಟ್ಟ ಸ್ಥಿತಿಗೆ ಬಂದ ವಸ್ತುವಿಗೆ ಈ ಪದ ಸಲ್ಲುತ್ತದೆ ಎನ್ನುತ್ತದೆ. ಅದನ್ನು ಓದಿದ ಮೇಲೆ ಪರದೆಯನ್ನು ಬೆಳಕಿಗೆ ಹಿಡಿದು ನೋಡಿದರೆ, ದಿನವೂ ಹಾಸಿಗೆಯ ಅಡಿಗೆ ಸಿಕ್ಕಿಸುವ ಕೆಳಅಂಚಿನಲ್ಲಿ ನೂಲು ಜಾಳಾಗಿತ್ತು. ಮೂಲೆಯ ದಾರ ಕಟ್ಟುವ ಜಾಗದಲ್ಲಿ ಹಿಂದೆ ಹಾಕಿದ್ದ ತೇಪೆಯ ಹೊಲಿಗೆ ಬಿಚ್ಚಿಕೊಂಡು ಬೆರಳು ತೂರುವಷ್ಟು ತೂತಾಗಿತ್ತು. ಎಷ್ಟು ಒಗೆದರೂ ಆ ದೂರು ತೀರುವಂಥದ್ದಾಗಿರಲಿಲ್ಲ. ದೂರಿನ ಕಾರಣ ಯಾವುದೆಂದು ತಿಳಿಸುವ ನಿಘಂಟು ಸಿಕ್ಕರೆ ಅಗಸನನ್ನು ಕರೆಯಬೇಕೋ ದರ್ಜಿಯನ್ನು ಕರೆಯಬೇಕೋ ಎಂಬುದು ಮೊದಲೇ ತೀರ್ಮಾನವಾಗುತ್ತದೆ.

ಪದದ ಪಕ್ಕದಲ್ಲಿ ಕೊಡುವ ಗುರುತುಗಳು ಈ ಕೋಶದ ಎರಡನೆಯ ಬಲ. ಇದು ಆಡುಮಾತು, ಇದು ಬ್ರಿಟನ್ನಿನದು, ಇದು ಅಮೆರಿಕದ್ದು, ಇದರಲ್ಲಿ ತಿರಸ್ಕಾರದ ಧಾಟಿಯಿದೆ ಎಂಬುದನ್ನು ಅದು ಅರ್ಥಕ್ಕಿಂತ ಮೊದಲೇ ಹೇಳಿಬಿಡುತ್ತದೆ. ರ‍್ಯಾಟಿ ಎಂಬುದನ್ನು ತೆಗೆದುಕೊಳ್ಳಿ: ಅಮೆರಿಕದವರು ಸೋಫಾ ರ‍್ಯಾಟಿ ಎಂದರೆ ಅದು ಸವೆದು ಹರಕಾಗಿದೆ ಎಂದರ್ಥ, ಬ್ರಿಟನ್ನಿನವರು ಒಬ್ಬ ಮನುಷ್ಯನನ್ನು ರ‍್ಯಾಟಿ ಎಂದರೆ ಆತ ಸಿಡುಕ ಎಂದರ್ಥ. ಎರಡಕ್ಕೂ ಕೋಣೆಯಲ್ಲಿ ಇಲಿ ಇದೆ ಎಂಬ ಅರ್ಥವಿಲ್ಲ, ಅದನ್ನು ಓದಿ ಪಾಷಾಣ ತರಲು ಗಂಗಾವತಿಗೆ ಓಡಬೇಕಾಗಿಲ್ಲ. ಟ್ಯಾಕಿ ಎಂಬುದಕ್ಕೂ ಹೀಗೆಯೇ ಎರಡು ಮುಖಗಳಿವೆ. ಹೊಸದಾಗಿ ವಾರ್ನಿಷ್ ಬಳಿದ ಕುರ್ಚಿ ಟ್ಯಾಕಿ ಎಂದರೆ ಇನ್ನೂ ಅಂಟುತ್ತಿದೆ ಎಂದು. ಗೋಡೆಗೆ ಸಿಕ್ಕಿಸಿದ ಪ್ಲಾಸ್ಟಿಕ್ ಹೂವು ಟ್ಯಾಕಿ ಎಂದರೆ ಅಗ್ಗದ್ದು, ಅಭಿರುಚಿ ಇಲ್ಲದ್ದು ಎಂದು. ಶ್ಯಾಬಿ, ಡಿಂಜಿ ಎಂಬ ಪದಗಳಿಗೆ ಆಡುಮಾತಿನ ಗುರುತು ಇಲ್ಲ. ಯಾವ ಬರವಣಿಗೆಯಲ್ಲಾದರೂ ಅವು ಬರಬಹುದು. ಶ್ಯಾಬಿ ಎಂದರೆ ಬಳಸಿ ಬಳಸಿ ಹಳತಾಗಿ ಮಾಸಿದ್ದು, ಡಿಂಜಿ ಎಂದರೆ ಕತ್ತಲೆಯೂ ಕೊಳೆಯೂ ಕೂಡಿದ ಸ್ಥಿತಿ. ಬಂಡೆಗಳ ನೆರಳಿಗೆ ಕಟ್ಟಿದ ಕೋಣೆಗಳ ಬಗ್ಗೆ ಈ ಪದ ಕಾಣಿಸಿದರೆ ಸುಣ್ಣ ಬಳಿಸಿ ದೊಡ್ಡ ಬಲ್ಬು ಹಾಕಿಸುವುದು ಮೇಲು.

ಸವೆದದ್ದಕ್ಕೂ ಕಾಲ ಮೀರಿದ್ದಕ್ಕೂ ಇರುವ ಅಂತರವನ್ನು ಈ ಕೋಶ ಚೊಕ್ಕವಾಗಿ ಕಾಪಾಡುತ್ತದೆ. ಬಾಡಿಗೆಗೆ ಕೊಡುವ ಮೊಪೆಡ್ ಕ್ಲ್ಯಾಪ್ಡ್ ಔಟ್ ಎಂದರೆ ನಮ್ಮ ಕಡೆ ಲಡಾಸು, ಡಕೋಟಾ ಎನ್ನುವ ಗಾಡಿ. ದುಡಿದು ದುಡಿದು ಯಂತ್ರವೇ ಸೋತಿದೆ. ಡೇಟೆಡ್, ಓಲ್ಡ್ ಹ್ಯಾಟ್ ಎಂದರೆ ಓಬಿರಾಯನ ಕಾಲದ್ದು: ವಸ್ತು ಗಟ್ಟಿಯಾಗಿಯೇ ಇರಬಹುದು, ಅದರ ಕಾಲ ಮುಗಿದಿದೆ. ನ್ಯಾಫ್ ಎಂಬ ಬ್ರಿಟಿಷ್ ಪದದಲ್ಲಿ ಅಭಿರುಚಿಯ ಕೊರತೆಯನ್ನು ಕಂಡು ಮೂಗು ಮುರಿಯುವ ಭಾವವಿದೆ. ನನ್ನ ಅಭಿಪ್ರಾಯದಲ್ಲಿ ಮೊದಲನೆಯ ಬಗೆಯ ದೂರಿಗೆ ತಕ್ಷಣ ಹಣ ಖರ್ಚು ಮಾಡಬೇಕು, ಉಳಿದವುಗಳನ್ನು ನಿಧಾನವಾಗಿ ಯೋಚಿಸಬಹುದು. ಮಣ್ಣಿನ ಗೋಡೆ, ನುಲಿ ಮಂಚಗಳನ್ನು ಒಬ್ಬರು ಡೇಟೆಡ್ ಎಂದರೆ ಮತ್ತೊಬ್ಬರು ಅವಕ್ಕಾಗಿಯೇ ಬರುತ್ತಾರೆ.

ಪದಮೂಲದ ಟಿಪ್ಪಣಿಗಳು ಹೋಂಸ್ಟೇ ಕೆಲಸಕ್ಕೆ ಬೇಕಾದವಲ್ಲ, ಆದರೂ ಓದಿಸಿಕೊಳ್ಳುತ್ತವೆ. ಅಸಹ್ಯವಾದ, ಕೀಳು ಗುಣಮಟ್ಟದ ಎಂಬರ್ಥದ ಗ್ರಾಟಿ ಹುಟ್ಟಿದ್ದು 1960ರ ದಶಕದಲ್ಲಿ, ವಿಕಾರವಾದದ್ದನ್ನು ಹೇಳುವ ಗ್ರೊಟೆಸ್ಕ್ ಎಂಬ ಪದವನ್ನು ಮೊಟಕುಗೊಳಿಸಿ. ಬ್ರಿಟನ್ನಿನ ಬೀಟಲ್ಸ್ ಸಂಗೀತ ತಂಡದ 1964ರ ಚಿತ್ರದಲ್ಲಿ ಆ ತಂಡದ ಜಾರ್ಜ್ ಹ್ಯಾರಿಸನ್ ಬಾಯಲ್ಲಿ ಬಂದ ಮೇಲೆ ಅದು ಮನೆಮಾತಾಯಿತು. ಶ್ಯಾಬಿಯ ಬೇರು ಕಜ್ಜಿಯ ಹಕ್ಕಳೆಯನ್ನು ಹೇಳುವ ಹಳೆಯ ಪದದಲ್ಲಿದೆ.

ಇನ್ನು ಮಿತಿಯ ಮಾತು. ಇದು ಇಂಗ್ಲಿಷನ್ನು ಇಂಗ್ಲಿಷಿನಲ್ಲಿಯೇ ವಿವರಿಸುವ ಕೋಶವಾದ್ದರಿಂದ ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗನ ಕೈಗೆ ನೇರವಾಗಿ ಕೊಟ್ಟರೆ ಪ್ರಯೋಜನ ಕಡಿಮೆ. ಅಂಥವರಿಗೆ ಲಾಂಗ್‌ಮನ್ ಪ್ರಕಾಶನದ ಇಂಗ್ಲಿಷ್ ಕಲಿಯುವವರ ಕೋಶ ವಾಸಿ. 1978ರ ಮೊದಲ ಆವೃತ್ತಿಯಿಂದಲೂ ಅದು ಸುಮಾರು 2000 ಸರಳ ಪದಗಳಲ್ಲಿಯೇ ಎಲ್ಲ ಅರ್ಥಗಳನ್ನೂ ಹೇಳುವ ಕ್ರಮವನ್ನು ಇಟ್ಟುಕೊಂಡಿದೆ. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ಗ್ರಂಥದ ಓದಿಗೆ ಒಳ್ಳೆಯ ಸಂಗಾತಿ. ಅತಿಥಿಗಳ ಚೀಟಿ ಓದುವಾಗ ಮಾತ್ರ ಮುಗ್ಗಲು, ಹರಕು, ಮುರುಕಲು, ಲಡಾಸು ಎಂಬ ನಮ್ಮ ದಿನಬಳಕೆಯ ಮಾತುಗಳೇ ಹತ್ತಿರವಾಗುತ್ತವೆ. ಅವುಗಳನ್ನು ಇಂಗ್ಲಿಷ್ ಪದದ ಎದುರು ಬರೆದಿಟ್ಟುಕೊಂಡ ಒಂದು ನೋಟ್‌ಬುಕ್ ಸ್ವಾಗತದ ಮೇಜಿನ ಮೇಲಿದ್ದರೆ ಎಲ್ಲರಿಗೂ ಅನುಕೂಲ.

ಅತಿಥಿಗಳಿಗೆ ಉತ್ತರ ಬರೆಯುವವರು ಆಡುಮಾತಿನ ಗುರುತನ್ನು ಇನ್ನೊಂದು ಕಾರಣಕ್ಕೂ ಗಮನಿಸಬೇಕು. ಅವರು ಗ್ರಾಟಿ ಎಂದರೆಂದು ನಾವೂ ಉತ್ತರದಲ್ಲಿ ಗ್ರಾಟಿ ಎಂದು ಬರೆದರೆ ಅದು ವ್ಯಂಗ್ಯವಾಗಿ ಕೇಳಿಸುತ್ತದೆ. ಸವೆದದ್ದನ್ನು ಹೇಳುವ ವೋರ್ನ್, ಹಳೆಯದನ್ನು ಹೇಳುವ ಓಲ್ಡ್ ಎಂಬ ಸಾದಾ ಪದಗಳನ್ನು ಬಳಸಿ, ಏನನ್ನು ಬದಲಿಸಿದೆವು ಎಂಬುದನ್ನು ಒಂದು ವಾಕ್ಯದಲ್ಲಿ ತಿಳಿಸಿದರೆ ಸಾಕಾಗುತ್ತದೆ.