ಅಗ್ಗದ ಟ್ರೇಲ್ ಕ್ಯಾಮೆರಾ ನಂಬಿ ಪಕ್ಕದ ಮನೆ ನಾಯಿಗೆ ಅಪವಾದ ಹೊರಿಸಿದೆ, ಕೊಳ್ಳುವ ಮೊದಲು ಇದನ್ನು ಓದಿ

ಒಂದೇ ವಾರದಲ್ಲಿ ನಮ್ಮ ಮೂರು ಕೋಳಿ ಹೋದವು. ಬೆಳಗ್ಗೆ ಗೂಡಿನ ಹತ್ತಿರ ಹೋದರೆ ನಾಲ್ಕು ಪುಕ್ಕ, ಒಂದೆರಡು ಹನಿ ರಕ್ತ, ಅಷ್ಟೇ. ಯಾವ ಪ್ರಾಣಿ ಬರುತ್ತಿದೆ ಅಂತ ಗೊತ್ತಾದರೆ ತಾನೇ ಏನಾದರೂ ಮಾಡೋಕಾಗೋದು? ಅದಕ್ಕೇ ಒಂದು ಟ್ರೇಲ್ ಕ್ಯಾಮೆರಾ ತರಿಸಿದೆ. ಮರಕ್ಕೆ ಬೆಲ್ಟಿನಲ್ಲಿ ಕಟ್ಟಿ ಬಿಟ್ಟರೆ ಸಾಕು, ಎದುರಿಗೆ ಯಾವುದಾದರೂ ಪ್ರಾಣಿ ಸುಳಿದಾಗ ತಾನಾಗಿಯೇ ಫೋಟೊ ತೆಗೆಯುತ್ತದೆ. ಸಿಕ್ಕಿದ್ದರಲ್ಲಿ ತೀರಾ ಅಗ್ಗದ್ದನ್ನೇ ಆರಿಸಿಕೊಂಡೆ. ಆ ಕ್ಯಾಮೆರಾ ತೋರಿಸಿದ್ದನ್ನು ನಂಬಿ, ತಪ್ಪೇ ಮಾಡದ ಒಂದು ನಾಯಿಯನ್ನು ಎರಡು ವಾರ ಕಟ್ಟಿಹಾಕಿಸಿದೆ. ನಿಮ್ಮ ಕೈಯಲ್ಲಿ ಹಾಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಡಬ್ಬಿಯ ಮೇಲೆ ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆದಿತ್ತು. 48 ಮೆಗಾಪಿಕ್ಸೆಲ್, 0.2 ಸೆಕೆಂಡಿನಲ್ಲಿ ಫೋಟೊ, ರಾತ್ರಿ 25 ಮೀಟರ್ ದೂರದವರೆಗೆ ಕಾಣುತ್ತದೆ, ಸೆಲ್ ಒಂದು ಸಲ ಹಾಕಿದರೆ ತಿಂಗಳುಗಟ್ಟಲೆ ಬರುತ್ತದೆ. ನಾನು ಅಷ್ಟನ್ನೂ ನಂಬಿದೆ. ಸಂಜೆ ಆರೂವರೆಗೆ ಹೊಸ ಸೆಲ್ ಹಾಕಿ, ಗೂಡಿನಿಂದ ನಾಲ್ಕು ಮೀಟರ್ ದೂರದ ಮರಕ್ಕೆ ಕಟ್ಟಿ ಬಂದೆ.

ಮಾರನೇ ದಿನ ಮೆಮೊರಿ ಕಾರ್ಡ್ ತೆಗೆದು ನೋಡಿದರೆ ಏಳೆಂಟು ಖಾಲಿ ಫೋಟೊ ಇದ್ದವು. ಬರೀ ಜಾಲರಿ, ಹುಲ್ಲು, ಕತ್ತಲೆ. ಎಲೆ ಅಲ್ಲಾಡಿರಬೇಕು ಅಂದುಕೊಂಡು ಅಳಿಸಿಬಿಟ್ಟೆ. ಒಂದರಲ್ಲಿ ಮಾತ್ರ ಪಕ್ಕದ ಮನೆಯ ನಾಯಿ ಸ್ಪಷ್ಟವಾಗಿ ಕಾಣುತ್ತಿತ್ತು. ಗೂಡಿನ ಪಕ್ಕ ನಿಂತು, ನೆಲದ ಮೇಲಿದ್ದ ಪುಕ್ಕ ಮೂಸುತ್ತಿತ್ತು. ನನಗೆ ಅಷ್ಟೇ ಸಾಕಾಯಿತು.

ಫೋಟೊ ಹಿಡಿದುಕೊಂಡೇ ಪಕ್ಕದ ಮನೆಗೆ ಹೋದೆ. ಆ ಅಕ್ಕ ನನಗಿಂತ ಹಿರಿಯರು, ತುಂಬಾ ವರ್ಷದ ಒಡನಾಟ. ಅವರು ಮೆಲ್ಲಗೆ ಹೇಳಿದರು: "ನೋಡಪ್ಪಾ, ನಮ್ಮ ನಾಯಿ ರಾತ್ರಿ ಒಳಗೇ ಮಲಗುತ್ತೆ. ಬೆಳಗ್ಗೆ ಐದು ಗಂಟೆ ಮೇಲೆ ನಾನು ಬಾಗಿಲು ತೆಗೆದಾಗಲೇ ಅದು ಹೊರಗೆ ಬರೋದು." ನಾನು ಕೇಳಲಿಲ್ಲ. "ಅಕ್ಕಾ, ಫೋಟೊನೇ ಇದೆಯಲ್ಲ" ಅಂದೆ. ಅವರು ಮತ್ತೆ ವಾದ ಮಾಡಲಿಲ್ಲ. ಅವತ್ತಿನಿಂದ ನಾಯಿಯನ್ನು ಬೆಳಗ್ಗೆಯೂ ಕಟ್ಟಿಹಾಕಿದರು. ನಾನು ಕ್ಯಾಮೆರಾ ಬಿಚ್ಚಿ ಒಳಗಿಟ್ಟೆ, ಕೆಲಸ ಮುಗಿಯಿತು ಅಂತ.

ನಾಯಿ ಕಟ್ಟಿದ ಮೇಲೂ ಎರಡು ಕೋಳಿ ಹೋದವು.

ಎರಡನೆಯದು ಹೋದ ದಿನ ಆ ಫೋಟೊವನ್ನು ಮತ್ತೆ ತೆಗೆದು ನೋಡಿದೆ. ಕೆಳಗಿನ ಪಟ್ಟಿಯಲ್ಲಿ ಸಮಯ 10:50 ಅಂತಿತ್ತು, ತಾರೀಕು ಎಷ್ಟೋ ವರ್ಷದ ಹಿಂದಿನ ಜನವರಿ 1. ಮೊದಲ ದಿನ ಅದನ್ನು ಗಮನಿಸಿದ್ದೆ, ಆದರೆ ತಲೆ ಕೆಡಿಸಿಕೊಂಡಿರಲಿಲ್ಲ. ಈಗ ಹೊಳೆಯಿತು. ಮನೆಯೊಳಗೆ ನಾನು ಗಡಿಯಾರ ಸರಿಮಾಡಿದ್ದು ಹಳೇ ಸೆಲ್ ಇದ್ದಾಗ. ಆಮೇಲೆ ಹೊಸ ಸೆಲ್ ಹಾಕಿದಾಗ ಅದು ಮತ್ತೆ ಸೊನ್ನೆಗೆ ಹೋಗಿತ್ತು. ಸೆಲ್ ಹಾಕಿದ್ದು ಆರೂವರೆಗೆ. ಅಲ್ಲಿಂದ 10 ಗಂಟೆ 50 ನಿಮಿಷ ಎಣಿಸಿದರೆ ಬೆಳಗಿನ 5:20. ಅಕ್ಕ ಹೇಳಿದ್ದ ಹೊತ್ತೇ. ಎಲ್ಲ ಮುಗಿದ ಮೇಲೆ ಬಂದು ಪುಕ್ಕ ಮೂಸಿದ ನಾಯಿ ಅದು.

ಆಗ ಗೆಳೆಯರೊಬ್ಬರಿಂದ ಸ್ವಲ್ಪ ಒಳ್ಳೆಯ ಕ್ಯಾಮೆರಾ ಕೇಳಿ ತಂದೆ. ಅದೇ ಮರಕ್ಕೆ, ನನ್ನದರ ಮೇಲೆಯೇ, ಎರಡೂ ಒಂದೇ ಕಡೆ ನೋಡುವ ಹಾಗೆ ಕಟ್ಟಿದೆ. ಮೂರನೇ ರಾತ್ರಿ ಗೆಳೆಯರ ಕ್ಯಾಮೆರಾದಲ್ಲಿ ಮೂರು ಫೋಟೊ ಸಾಲಾಗಿ ಬಂದಿದ್ದವು. ಒಂದು ಕಾಡುಬೆಕ್ಕು. ಮೊದಲನೆಯದರಲ್ಲಿ ಎಡದಿಂದ ಬರುತ್ತಿದೆ, ಎರಡನೆಯದರಲ್ಲಿ ಜಾಲರಿ ಪಕ್ಕ, ಮೂರನೆಯದರಲ್ಲಿ ಬಲಕ್ಕೆ ದಾಟುತ್ತಿದೆ. ಅದೇ ನಿಮಿಷದಲ್ಲಿ ನನ್ನ ಕ್ಯಾಮೆರಾ ತೆಗೆದಿದ್ದು ಒಂದೇ ಫೋಟೊ. ಖಾಲಿ ಜಾಲರಿ. ದೊಡ್ಡದು ಮಾಡಿ ನೋಡಿದರೆ ಬಲ ಅಂಚಿನಲ್ಲಿ ಬೆರಳಿನಷ್ಟು ಬಾಲದ ತುದಿ, ಅದೂ ಮಸುಕು ಮಸುಕು. ಎಲೆ ಅಲ್ಲಾಡಿದ್ದು ಅಂತ ನಾನು ಅಳಿಸಿಹಾಕಿದ್ದ ಫೋಟೊಗಳ ನೆನಪಾಗಿ ಹೊಟ್ಟೆ ಕಲಕಿದ ಹಾಗಾಯಿತು.

ಯಾಕೆ ಹೀಗಾಗುತ್ತದೆ ಅಂತ ಆಮೇಲೆ ತಿಳಿದುಕೊಂಡೆ. ಈ ಕ್ಯಾಮೆರಾ ಸದಾ ನೋಡುತ್ತಾ ಕೂತಿರುವುದಿಲ್ಲ, ಮಲಗಿರುತ್ತದೆ. ಅದರ ಮುಂದೆ ಒಂದು ಪುಟ್ಟ ಶಾಖದ ಸೆನ್ಸರ್ ಇರುತ್ತದೆ. ಎದುರಿನ ಜಾಗವನ್ನು ಅದು ಪಟ್ಟಿ ಪಟ್ಟಿಯಾಗಿ ಗಮನಿಸುತ್ತದೆ. ಸುತ್ತಲಿಗಿಂತ ಬಿಸಿಯಾದದ್ದು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟಿದರೆ ಕ್ಯಾಮೆರಾವನ್ನು ಎಬ್ಬಿಸುತ್ತದೆ. ಎದ್ದ ಮೇಲೆ ಅದು ಬೆಳಕು ಅಳೆಯಬೇಕು, ರಾತ್ರಿಯಾದರೆ ದೀಪ ಹಚ್ಚಬೇಕು, ಆಮೇಲೆ ಫೋಟೊ. ಅಗ್ಗದ್ದರಲ್ಲಿ ಈ ಎದ್ದೇಳುವ ಕೆಲಸವೇ ನಿಧಾನ. ನೆಲದ ಮೇಲೆ ಅರ್ಧ ಅರ್ಧ ಮೀಟರಿಗೆ ಗೆರೆ ಎಳೆದು, ನಾನೇ ಅದರ ಮುಂದೆ ನಡೆದು ಪರೀಕ್ಷೆ ಮಾಡಿದೆ. ಫೋಟೊದಲ್ಲಿ ಎಷ್ಟನೇ ಗೆರೆ ದಾಟಿದ್ದೇನೆ ಅಂತ ನೋಡಿ, ನನ್ನ ನಡಿಗೆಯ ವೇಗದ ಜೊತೆ ಹೋಲಿಸಿದರೆ ಲೆಕ್ಕ ಸಿಗುತ್ತದೆ. ಡಬ್ಬಿಯ ಮೇಲೆ 0.2 ಸೆಕೆಂಡ್, ನೆಲದ ಮೇಲೆ ಸುಮಾರು ಒಂದೂವರೆ ಸೆಕೆಂಡ್. ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ಓಡುವ ಬೆಕ್ಕು ಅಷ್ಟರಲ್ಲಿ ಮೂರು ಮೀಟರ್ ಹೋಗಿರುತ್ತದೆ. ನಾಲ್ಕು ಮೀಟರ್ ದೂರದಲ್ಲಿ ಕ್ಯಾಮೆರಾ ಕಣ್ಣಿಗೆ ಬೀಳುವ ಅಗಲ ಹೆಚ್ಚುಕಡಿಮೆ ಅಷ್ಟೇ. ಅಂದರೆ ಓಡಿಹೋಗುವ ಪ್ರಾಣಿ ಅದಕ್ಕೆ ಸಿಗುವುದೇ ಕಷ್ಟ. ನಿಂತು ಮೂಸುವ ನಾಯಿ ಮಾತ್ರ ಚೆನ್ನಾಗಿ ಸಿಗುತ್ತದೆ.

ಇದನ್ನು ದಯವಿಟ್ಟು ನೆನಪಿಡಿ. ಅಗ್ಗದ ಕ್ಯಾಮೆರಾದಲ್ಲಿ ಯಾವುದರ ಫೋಟೊ ಬಂತೋ ಅದೇ ಕಳ್ಳ ಅಂತಲ್ಲ. ಖಾಲಿ ಫೋಟೊ ಅಂದರೆ ಏನೂ ಬಂದಿಲ್ಲ ಅಂತಲೂ ಅಲ್ಲ. ಹಗಲಲ್ಲಿ ಬಿಸಿಲಿಗೆ ಕಾದ ಎಲೆ, ಹುಲ್ಲು ಅಲ್ಲಾಡಿದರೂ ಖಾಲಿ ಫೋಟೊ ಬರುತ್ತದೆ, ನಿಜ. ಆದರೆ ರಾತ್ರಿ ತಂಪಾದ ಮೇಲೂ ಬಂದರೆ ಅಳಿಸಬೇಡಿ. ದೊಡ್ಡದು ಮಾಡಿ ಅಂಚುಗಳನ್ನು ನೋಡಿ. ಸುಡುಬಿಸಿಲಿನ ದಿನ ಇದರ ತದ್ವಿರುದ್ಧ ಆಗುತ್ತದೆ. ಸುತ್ತಲಿನ ನೆಲವೂ ಪ್ರಾಣಿಯ ಮೈಯಷ್ಟೇ ಬಿಸಿಯಾದಾಗ ಸೆನ್ಸರಿಗೆ ವ್ಯತ್ಯಾಸ ಗೊತ್ತಾಗದೆ, ಎದುರಿಗೇ ಹೋದರೂ ಸುಮ್ಮನಿದ್ದುಬಿಡುತ್ತದೆ.

48 ಮೆಗಾಪಿಕ್ಸೆಲ್ ವಿಷಯಕ್ಕೆ ಬರ್ತೀನಿ. ಇಂಥ ಅಗ್ಗದ ಕ್ಯಾಮೆರಾಗಳ ಒಳಗಿನ ಸೆನ್ಸರ್ (ಶಾಖದ್ದಲ್ಲ, ಚಿತ್ರ ಹಿಡಿಯುವುದು) ಸಾಮಾನ್ಯವಾಗಿ ಅದರಲ್ಲಿ ಒಂದು ಸಣ್ಣ ಭಾಗದಷ್ಟೇ ಇರುತ್ತದೆ. ಸಣ್ಣ ಫೋಟೊವನ್ನೇ ಎಳೆದು ದೊಡ್ಡದು ಮಾಡಿ ಕಾರ್ಡಿಗೆ ಬರೆಯುತ್ತದೆ. ಹೊಸದಾಗಿ ಒಂದು ಕೂದಲೆಳೆಯಷ್ಟೂ ವಿವರ ಸಿಗುವುದಿಲ್ಲ. ಬದಲಿಗೆ ಫೈಲ್ ಭಾರ, ಕಾರ್ಡ್ ಬೇಗ ತುಂಬುತ್ತದೆ, ಒಂದು ಫೋಟೊ ಬರೆದು ಮುಂದಿನದಕ್ಕೆ ತಯಾರಾಗಲು ಜಾಸ್ತಿ ಹೊತ್ತು ಹಿಡಿಯುತ್ತದೆ. ನಾನು ಸೆಟ್ಟಿಂಗಿನಲ್ಲಿ ಅದನ್ನು ತೀರಾ ಕೆಳಗಿಳಿಸಿದೆ. ಫೋಟೊ ಕೆಡಲಿಲ್ಲ, ಎರಡು ಫೋಟೊ ನಡುವಿನ ಕಾಯುವಿಕೆ ಮಾತ್ರ ಕಡಿಮೆಯಾಯಿತು. ಇನ್ನೊಂದು ವಿಷಯ, ಒಂದು ಫೋಟೊ ತೆಗೆದು ಒಂದು ನಿಮಿಷ ಸುಮ್ಮನಿರುವ ಹಾಗೆ ನನ್ನದನ್ನು ಮೊದಲೇ ಹೊಂದಿಸಿ ಕಳಿಸಿದ್ದರು. ಅದನ್ನು ಐದು ಸೆಕೆಂಡಿಗೆ ಇಳಿಸಿ, ಒಂದು ಸಲಕ್ಕೆ ಮೂರು ಫೋಟೊ ಬರುವ ಹಾಗೆ ಮಾಡಿದೆ.

ರಾತ್ರಿ ದೂರದ್ದೂ ಅದೇ ಕಥೆ. 25 ಮೀಟರ್ ಅಂದಿದ್ದು ನನ್ನ ತೋಟದಲ್ಲಿ ಏಳೆಂಟು ಮೀಟರಿಗೆ ನಿಂತಿತು. ಅದರಾಚೆ ಎರಡು ಹೊಳೆಯುವ ಕಣ್ಣು ಕಾಣುತ್ತವೆ, ಯಾರ ಕಣ್ಣು ಅಂತ ಹೇಳೋಕಾಗಲ್ಲ. ಕೊಳ್ಳುವಾಗ 850 ಮತ್ತು 940 ನ್ಯಾನೋಮೀಟರ್ ಅಂತ ಎರಡು ಬಗೆಯ ದೀಪ ಬರೆದಿರುತ್ತಾರೆ. 850ರದ್ದು ದೂರ ಹೋಗುತ್ತದೆ, ಆದರೆ ಉರಿಯುವಾಗ ಮಂದ ಕೆಂಪು ಚುಕ್ಕೆ ಕಾಣುತ್ತದೆ. 940ರದ್ದು ನಮ್ಮ ಕಣ್ಣಿಗೆ ಕಾಣುವುದಿಲ್ಲ, ಆದರೆ ದೂರ ಕಡಿಮೆ. ಒಂದೇ ದೀಪ ದೂರವೂ ಹೋಗುತ್ತದೆ, ಕಣ್ಣಿಗೂ ಕಾಣುವುದಿಲ್ಲ ಅಂದರೆ ನಂಬಬೇಡಿ.

ಸೆಲ್ ವಿಷಯದಲ್ಲಿ ನನಗೆ ಸಿಕ್ಕಾಪಟ್ಟೆ ತೊಂದರೆಯಾಯಿತು. ನನ್ನದಕ್ಕೆ ಎಂಟು ಪೆನ್ ಸೆಲ್ ಬೇಕು, ನಾಲ್ಕು ನಾಲ್ಕರ ಎರಡು ಸಾಲು. ಮಾಮೂಲಿ ಹೊಸ ಸೆಲ್ 1.5 ವೋಲ್ಟ್, ನಾಲ್ಕು ಸೇರಿದರೆ 6. ಚಾರ್ಜ್ ಮಾಡುವ ಮಾಮೂಲಿ ಸೆಲ್ 1.2, ನಾಲ್ಕು ಸೇರಿದರೆ 4.8. ಒಳ್ಳೆಯ ಕ್ಯಾಮೆರಾ ಅಷ್ಟರಲ್ಲೇ ನಡೆಯುತ್ತದೆ. ನನ್ನದು ಚಾರ್ಜ್ ಸೆಲ್ ಹಾಕಿದಾಗ ಹಗಲೆಲ್ಲ ಚೆನ್ನಾಗಿ ಫೋಟೊ ತೆಗೆಯಿತು, ಕತ್ತಲಾದ ಮೇಲೆ ದೀಪ ಹಚ್ಚಲು ಹೋಗಿ ಆರಿಹೋಯಿತು. ದೀಪಗಳು ಒಮ್ಮೆಲೇ ಜಾಸ್ತಿ ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿಯುತ್ತದೆ. ಹಗಲಿನ ಫೋಟೊ ನೋಡಿ ಎಲ್ಲ ಸರಿಯಾಗಿದೆ ಅಂದುಕೊಂಡು ಎರಡು ರಾತ್ರಿ ಕಳೆದುಕೊಂಡೆ. ಇನ್ನು ಹಳೇ ಸೆಲ್ ಜೊತೆ ಹೊಸದನ್ನು ಬೆರೆಸಲೇಬೇಡಿ. ನಾನು ಬೆರೆಸಿದ್ದೆ. ತಿಂಗಳಾದ ಮೇಲೆ ಮುಚ್ಚಳ ತೆಗೆದರೆ ಒಂದು ಸ್ಪ್ರಿಂಗ್ ಪೂರ್ತಿ ಬಿಳಿ ಪುಡಿ ಕಟ್ಟಿತ್ತು. ಸೆಲ್ ಸೋರಿತ್ತು. ಹತ್ತಿಗೆ ವಿನಿಗರ್ ಅದ್ದಿ ಒರೆಸಿ ಒಣಗಿಸಿದ ಮೇಲೆ ಮತ್ತೆ ಕೆಲಸ ಮಾಡಿತು, ಆದರೆ ಆ ಸ್ಪ್ರಿಂಗ್ ಈಗಲೂ ಸಡಿಲ.

ಮಳೆಗೆ ಏನೂ ಆಗಲ್ಲ ಅಂತಲೂ ಡಬ್ಬಿಯ ಮೇಲಿತ್ತು. ಒಳಗೆ ನೀರು ಹೋಗಲಿಲ್ಲ, ಆದರೆ ಗಾಜಿನ ಒಳಗಡೆ ಆವಿ ಕಟ್ಟಿ ಎರಡು ದಿನ ಎಲ್ಲ ಫೋಟೊ ಹಾಲು ಚೆಲ್ಲಿದ ಹಾಗೆ ಬಂದವು. ತೇವ ಹೀರುವ ಸಿಲಿಕಾ ಪೊಟ್ಟಣ ಒಂದನ್ನು ಒಳಗಿಡಿ. ಕೆಳಗಿನ ರಬ್ಬರ್ ಮುಚ್ಚಳ ಸರಿಯಾಗಿ ಕೂತಿದೆಯಾ ನೋಡಿ, ಇಲ್ಲದಿದ್ದರೆ ಇರುವೆ ಗೂಡು ಕಟ್ಟುತ್ತವೆ.

ವೈಫೈ ಇದೆ ಅನ್ನುವುದನ್ನು ನೋಡಿ, ಮನೆಯಲ್ಲೇ ಕೂತು ನೋಡಬಹುದು ಅಂದುಕೊಳ್ಳುವವರು ತುಂಬಾ ಜನ. ಆ ವೈಫೈ ಮರದ ಬುಡದಲ್ಲಿ ನಿಂತು ಫೋನಿಗೆ ಫೋಟೊ ಇಳಿಸಿಕೊಳ್ಳಲು ಮಾತ್ರ. ದೂರದಿಂದ ನೋಡಬೇಕಾದರೆ ಸಿಮ್ ಹಾಕುವ ಕ್ಯಾಮೆರಾನೇ ಬೇಕು. ಅದರಲ್ಲೂ ಯಾವ ನೆಟ್‌ವರ್ಕ್ ಹಿಡಿಯುತ್ತದೆ ಅಂತ ಮೊದಲೇ ಕೇಳಿ. ಹಳೆಯ 2ಜಿ, 3ಜಿ ನೆಟ್‌ವರ್ಕ್ ಎಷ್ಟೋ ಕಡೆ ನಿಂತುಹೋಗಿದೆ.

ಹಾಗಂತ ಆ ಕ್ಯಾಮೆರಾವನ್ನು ನಾನು ಎಸೆದಿಲ್ಲ. ಹಕ್ಕಿಗಳಿಗೆ ನೀರಿಡುವ ಬಟ್ಟಲಿನ ಎದುರು, ಎರಡು ಮೀಟರ್ ದೂರಕ್ಕೆ ಕಟ್ಟಿದ್ದೇನೆ. ಹಗಲು ಬೆಳಕಿನಲ್ಲಿ, ಅಷ್ಟು ಹತ್ತಿರದಲ್ಲಿ, ನಿಂತು ನೀರು ಕುಡಿಯುವ ಹಕ್ಕಿಯ ಫೋಟೊ ಚೆನ್ನಾಗಿಯೇ ಬರುತ್ತದೆ. ಪುಕ್ಕದ ಬಣ್ಣ ಗೊತ್ತಾಗುತ್ತದೆ. ಕರೆಂಟ್ ಬೇಡ, ವೈರ್ ಬೇಡ. ಯಾರಾದರೂ ಕದ್ದರೂ ಜೀವ ಹೋದಷ್ಟು ಬೇಜಾರಾಗಲ್ಲ. ನಮ್ಮ ಸುತ್ತ ಏನೇನು ಓಡಾಡುತ್ತದೆ ಅಂತ ಕುತೂಹಲಕ್ಕೆ ನೋಡುವವರಿಗೆ, ಮಕ್ಕಳಿಗೆ ತೋರಿಸುವವರಿಗೆ ಇದು ಸಾಕು. ಕಳ್ಳನನ್ನು ಹಿಡಿಯೋಕೆ, ಯಾರ ತಪ್ಪು ಅಂತ ತೀರ್ಮಾನ ಮಾಡೋಕೆ ಮಾತ್ರ ಸಾಲದು.

ಇರುವುದರಲ್ಲೇ ಕೆಲಸ ತೆಗೆಯಬೇಕಾದರೆ, ಪ್ರಾಣಿ ಬರುವ ದಾರಿಗೆ ನೇರವಾಗಿ ಅಡ್ಡ ಕಟ್ಟಬೇಡಿ. ಸ್ವಲ್ಪ ಓರೆಯಾಗಿ, ದಾರಿಯ ಉದ್ದಕ್ಕೆ ನೋಡುವ ಹಾಗೆ ಕಟ್ಟಿ. ಆಗ ಪ್ರಾಣಿ ಜಾಸ್ತಿ ಹೊತ್ತು ಎದುರಿಗಿರುತ್ತದೆ, ನಿಧಾನದ ಕ್ಯಾಮೆರಾಗೂ ಸಿಗುತ್ತದೆ. ಪೂರ್ತಿ ಎದುರಾಗಿ ಕಟ್ಟಿದರೂ ತೊಂದರೆ, ನೆಟ್ಟಗೆ ಹತ್ತಿರ ಬರುವುದನ್ನು ಸೆನ್ಸರ್ ಬೇಗ ಗುರುತಿಸಲ್ಲ. ಮೊಣಕಾಲಿನ ಎತ್ತರ ಸಾಕು. ಪೂರ್ವಕ್ಕೂ ಪಶ್ಚಿಮಕ್ಕೂ ಮುಖ ಮಾಡಬೇಡಿ. ತೆಳ್ಳಗಿನ ಗಿಡಕ್ಕೆ ಕಟ್ಟಿದರೆ ಗಾಳಿಗೆ ತೂಗಿ ನೂರಾರು ಸುಳ್ಳು ಫೋಟೊ ಬರುತ್ತವೆ.

ಕಾಡುಬೆಕ್ಕಿನ ಫೋಟೊ ಸಿಕ್ಕ ದಿನವೇ ಅಕ್ಕನ ಮನೆಗೆ ಹೋಗಿ ತಪ್ಪಾಯಿತು ಅಂತ ಕೇಳಿಕೊಂಡೆ. ಅವರು ಏನೂ ಅನ್ನಲಿಲ್ಲ, ಎದ್ದು ಹೋಗಿ ನಾಯಿಯ ಸರಪಳಿ ಬಿಚ್ಚಿದರು. ಕುತ್ತಿಗೆಯಲ್ಲಿ ಪಟ್ಟಿ ಉಜ್ಜಿದ ಕಡೆ ಕೂದಲು ಉದುರಿ ಗುಲಾಬಿ ಚರ್ಮ ಕಾಣುತ್ತಿತ್ತು. ಅದನ್ನು ನೋಡಿ ನನಗೆ ತುಂಬಾ ನೋವಾಯಿತು. ಗೂಡಿನ ಜಾಲರಿಯ ಒಂದು ಮೂಲೆ ಬುಡದಲ್ಲಿ ಸಡಿಲವಾಗಿತ್ತು, ಬೆಕ್ಕು ನುಗ್ಗುತ್ತಿದ್ದದ್ದು ಅಲ್ಲೇ. ಎರಡು ತಂತಿ ಹಾಕಿ ಬಿಗಿದೆ. ಆಮೇಲೆ ಒಂದು ಕೋಳಿಯೂ ಹೋಗಿಲ್ಲ.

ಕ್ಯಾಮೆರಾ ವಾಪಸ್ ಕೊಡೋಣ ಅಂತ ಕೇಳಿದೆ. ಅವಧಿ ಮುಗಿದಿತ್ತು. ಎರಡು ವಾರ ಅದು ಸರಿಯಾಗಿದೆ ಅಂತಲೇ ನಂಬಿದ್ದೆನಲ್ಲ. ನೀವು ತರಿಸಿದರೆ ಡಬ್ಬಿ ಒಡೆದ ದಿನವೇ ಸೆಲ್ ಹಾಕಿ, ಗಡಿಯಾರ ಸರಿಮಾಡಿ, ಸೆಲ್ ಒಂದು ಸಲ ತೆಗೆದು ಹಾಕಿ ಸಮಯ ಉಳಿಯಿತಾ ನೋಡಿ. ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಅವತ್ತೇ ರಾತ್ರಿ ನೆಲದ ಮೇಲೆ ಗೆರೆ ಎಳೆದು, ಅದರ ಮುಂದೆ ನೀವೇ ಒಂದು ಸಲ ನಡೆದು, ಒಂದು ಸಲ ಓಡಿ ನೋಡಿ.