ಫ್ರೀಸ್ಟೈಲ್ ಲಿಬ್ರೆ: ಅಂಕಿಗಿಂತ ಬಾಣ ನೋಡಿ

ಫ್ರೀಸ್ಟೈಲ್ ಲಿಬ್ರೆ ಮಧುಮೇಹಿಗಳು ತೋಳಿಗೆ ಅಂಟಿಸಿಕೊಳ್ಳುವ ಸೆನ್ಸರ್ ಬಿಲ್ಲೆ; ಇಲ್ಲಿ ಹೇಳುತ್ತಿರುವುದು ಅದರ ಮೊದಲ ಮಾದರಿಯ ಬಗ್ಗೆ. ಇದು ರಕ್ತದ ಸಕ್ಕರೆಯನ್ನು ಅಳೆಯುವುದಿಲ್ಲ. ಚರ್ಮದಡಿ ಜೀವಕೋಶಗಳ ನಡುವೆ ಇರುವ ದ್ರವದ ಗ್ಲೂಕೋಸನ್ನು ಅಳೆಯುತ್ತದೆ. ರಕ್ತದಲ್ಲಾದ ಏರಿಳಿತ ಅಲ್ಲಿ ಕಾಣಲು ಐದು-ಹತ್ತು ನಿಮಿಷ ಬೇಕು. ಊಟದ ನಂತರ ಬೆರಳು ಚುಚ್ಚಿ ನೋಡಿದ ಅಂಕಿಗೂ ಇದಕ್ಕೂ ತಾಳೆಯಾಗಲಿಲ್ಲವೆಂದು ಸೆನ್ಸರ್ ಕೆಟ್ಟಿದೆ ಅನ್ನಬೇಡಿ. ಸ್ಕ್ಯಾನ್ ಮಾಡುವ ಫೋನ್ ಅಥವಾ ರೀಡರಿನ ಪರದೆಯಲ್ಲಿ ಬಾಣ ಅಡ್ಡಲಾಗಿರುವಾಗ, ಅಂದರೆ ಸಕ್ಕರೆ ಸ್ಥಿರವಾಗಿರುವಾಗ, ಹೋಲಿಸಿ.

ಇದರ ಹಿಂದಿರುವುದು ರಸಾಯನವಿಜ್ಞಾನಿ ಆಡಂ ಹೆಲ್ಲರ್ ಅವರ ದಶಕಗಳ ದುಡಿಮೆ. 1962ರಲ್ಲಿ ಕ್ಲಾರ್ಕ್ ಮತ್ತು ಲಯನ್ಸ್ ಎಂಬ ವಿಜ್ಞಾನಿಗಳು ವಿವರಿಸಿದ ಕಿಣ್ವ-ವಿದ್ಯುದ್ವಾರ (ಕಿಣ್ವದ ನೆರವಿನಿಂದ ಗ್ಲೂಕೋಸ್ ಅಳೆಯುವ ವಿದ್ಯುತ್ ಕಡ್ಡಿ) ಆಮ್ಲಜನಕವನ್ನು ನೆಚ್ಚಿತ್ತು, ಅಂಗಾಂಶದಲ್ಲಿ ಅದು ಸಾಲದು. ಹೆಲ್ಲರ್ ಅವರು ಆಸ್ಮಿಯಂ ಲೋಹ ಇರುವ ಪಾಲಿಮರ್ ಮೂಲಕ ಕಿಣ್ವಕ್ಕೆ ನೇರವಾಗಿ 'ತಂತಿ' ಎಳೆದರು. ಇಲೆಕ್ಟ್ರಾನುಗಳು ಆಮ್ಲಜನಕದ ಹಂಗಿಲ್ಲದೆ ವಿದ್ಯುದ್ವಾರ ಸೇರುತ್ತವೆ. ಕಡಿಮೆ ವೋಲ್ಟೇಜಿನಲ್ಲೇ ಕೆಲಸ ನಡೆಯುವುದರಿಂದ ಪ್ಯಾರಾಸಿಟಮಾಲ್ ಇದನ್ನು ಅಷ್ಟಾಗಿ ಕೆಡಿಸುವುದಿಲ್ಲ. ವಿಟಮಿನ್ ಸಿ ಮಾತ್ರ ಕೆಡಿಸುತ್ತದೆ: ದಿನಕ್ಕೆ 500 ಮಿಲಿಗ್ರಾಂ ಮೀರಿದರೆ ಅಂಕಿ ಸುಳ್ಳೇ ಹೆಚ್ಚು ಬರಬಹುದು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇದು ಅಪಾಯ.

ಹಾಕುವುದು ಸುಲಭ. ಸೆನ್ಸರ್ ಡಬ್ಬಿಯ ಮೇಲಿನ ಸಂಕೇತ ಅಪ್ಲಿಕೇಟರಿನ (ಸೆನ್ಸರನ್ನು ಚರ್ಮಕ್ಕೆ ಒತ್ತಿ ಕೂರಿಸುವ ಸಾಧನದ) ಸಂಕೇತಕ್ಕೆ ಹೊಂದುತ್ತದೆಯೇ ನೋಡಿ. ಮೇಲ್ದೋಳಿನ ಹಿಂಭಾಗವನ್ನು ಆಲ್ಕೋಹಾಲ್ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ಬೇಗ ಉದುರುವ ಸೆನ್ಸರುಗಳ ಪೈಕಿ ಎಷ್ಟೋ ಒದ್ದೆ ಚರ್ಮಕ್ಕೆ ಹಾಕಿದವು. ಇನ್ಸುಲಿನ್ ಚುಚ್ಚುವ ಜಾಗದಿಂದ ಕನಿಷ್ಠ 2.5 ಸೆಂ.ಮೀ. ದೂರವಿರಲಿ. ಗಟ್ಟಿಯಾಗಿ ಒತ್ತಿ, ಕ್ಲಿಕ್ ಎಂದಮೇಲೂ ಒಂದು ಕ್ಷಣ ಹಿಡಿದು ತೆಗೆಯಿರಿ. ಒಂದು ಗಂಟೆಯ ನಂತರ ಓದು ಶುರು, 14 ದಿನ ಬಾಳಿಕೆ. ಮೊದಲ ದಿನದ ಅಂಕಿಯನ್ನಷ್ಟೇ ನಂಬಿ ಇನ್ಸುಲಿನ್ ಪ್ರಮಾಣ ಬದಲಿಸಬೇಡಿ.

ನಿಜವಾದ ಉಪಯೋಗ ಬಾಣದಲ್ಲಿದೆ. ನೆಟ್ಟಗೆ ಮೇಲಕ್ಕಿದ್ದರೆ ಡೆಸಿಲೀಟರಿಗೆ (100 ಮಿ.ಲೀ.ಗೆ) ನಿಮಿಷಕ್ಕೆ 2 ಮಿ.ಗ್ರಾಂ.ಗಿಂತ ವೇಗದ ಏರಿಕೆ; ಓರೆಯಾಗಿದ್ದರೆ 1ರಿಂದ 2. ಈಗ 110 ಇದ್ದು ಬಾಣ ನೆಟ್ಟಗೆ ಕೆಳಮುಖವಾಗಿದ್ದರೆ ಅದು ನೆಮ್ಮದಿಯ ಅಂಕಿಯಲ್ಲ. ಬೆರಳು ಚುಚ್ಚಿದರೆ ಸಿಗುವುದು ಆ 110 ಮಾತ್ರ.

ಎಡವುವುದು ಹೆಚ್ಚಾಗಿ ಎರಡು ಕಡೆ. ರಾತ್ರಿ ಆ ತೋಳಿನ ಮೇಲೆ ಮಲಗಿದರೆ ದ್ರವದ ಹರಿವು ಒತ್ತಿಹೋಗಿ, ಇಲ್ಲದ ಇಳಿಕೆ ತೋರುತ್ತದೆ; ಮಗ್ಗುಲು ಬದಲಿಸಿ ಸ್ವಲ್ಪ ಹೊತ್ತು ಬಿಟ್ಟು ನೋಡಿ. ಇನ್ನೊಂದು, ಸಕ್ಕರೆ 70ಕ್ಕಿಂತ ಇಳಿದಾಗ 15 ಗ್ರಾಂ ಗ್ಲೂಕೋಸ್ ತಿಂದು 15 ನಿಮಿಷ ಕಾಯುವುದು ವಾಡಿಕೆ. ರಕ್ತ ಚೇತರಿಸಿಕೊಂಡಿದ್ದರೂ ಸೆನ್ಸರ್ ಇನ್ನೂ ಕಡಿಮೆಯೇ ತೋರುತ್ತಿರುತ್ತದೆ. ಹೆದರಿ ಮತ್ತೆ ಮತ್ತೆ ತಿಂದು 250ಕ್ಕೆ ಏರಿಸಿಕೊಳ್ಳುವವರು ಕಡಿಮೆಯಿಲ್ಲ. ಮರುಪರೀಕ್ಷೆಗೆ ಬೆರಳೇ ಸರಿ. ಲಕ್ಷಣಕ್ಕೂ ಅಂಕಿಗೂ ಹೊಂದದಿದ್ದಾಗಲೂ ಅಷ್ಟೇ.

ಸೆನ್ಸರಿನ ನೆನಪು ಎಂಟು ಗಂಟೆಯದು. ಅದಕ್ಕಿಂತ ಹೆಚ್ಚು ಹೊತ್ತು ಸ್ಕ್ಯಾನ್ ಮಾಡದಿದ್ದರೆ ಹಳೆಯ ಭಾಗ ಅಳಿದುಹೋಗುತ್ತದೆ. ಎಂಆರ್‌ಐಗೆ ಮುಂಚೆ ತೆಗೆಯಲೇಬೇಕು.

ಮೊದಲ ಮಾದರಿಯ ದೊಡ್ಡ ಕೊರತೆ, ಅದು ತಾನಾಗಿ ಎಚ್ಚರಿಸುವುದಿಲ್ಲ. ಮಾತ್ರೆಯಲ್ಲಿರುವವರು ಯಾವ ಆಹಾರ ಎಷ್ಟು ಏರಿಸುತ್ತದೆಂದು ಎರಡು ವಾರ ನೋಡಲು ಇದು ಧಾರಾಳ ಸಾಕು. ಇನ್ಸುಲಿನ್ ಮೇಲಿದ್ದು, ನಿದ್ದೆಯಲ್ಲಿ ಸಕ್ಕರೆ ಇಳಿದರೂ ಎಚ್ಚರವಾಗದವರು ಇದನ್ನು ಕೊಳ್ಳಬಾರದು. ಎಚ್ಚರಿಕೆ ಗಂಟೆಯಿರುವ ಲಿಬ್ರೆ 2 ಅಥವಾ 3 ಅವರಿಗೆ ಬೇಕು.