ಮನೆಯಿಂದಲೇ ಟ್ಯಾಲಿ ನೋಡುವ ಆಸೆಗೆ ಮೂರು ವರ್ಷದ ಲೆಕ್ಕ ಹೋಯಿತು

ನಮ್ಮದು ಅಡಿಕೆ ಮಂಡಿ. ಜಿಎಸ್‌ಟಿ ರಿಟರ್ನ್ ಹೊತ್ತಿಗೆ ರಾತ್ರಿ ಮನೆಯಿಂದಲೇ ಟ್ಯಾಲಿ ತೆರೆಯುವಂತಾಗಲಿ ಅಂತ ಕಂಪ್ಯೂಟರ್ ರಿಪೇರಿ ಹುಡುಗನಿಗೆ ಹೇಳಿದೆ. ಅವನು ದೂರದಿಂದ ಕಂಪ್ಯೂಟರ್ ನಡೆಸುವ ರಿಮೋಟ್ ಡೆಸ್ಕ್‌ಟಾಪ್ ಆನ್ ಮಾಡಿ, ಹೊರಗಿಂದ ಅದಕ್ಕೆ ಬರುವ ಬಾಗಿಲು, ಅಂದರೆ 3389 ಪೋರ್ಟ್, ರೂಟರ್‌ನಲ್ಲಿ ತೆರೆದು ಹೋದ. ಹತ್ತು ನಿಮಿಷದ ಕೆಲಸ. ಪಾಸ್‌ವರ್ಡ್ ಮಂಡಿಯ ಹೆಸರು, ಮುಂದೆ 123. ಅದು ನಾನೇ ಇಟ್ಟಿದ್ದು, ಹುಡುಗನ ಮೇಲೆ ಹಾಕಲ್ಲ.

ಒಂದು ಸೋಮವಾರ ಬಂದು ನೋಡಿದರೆ ಟ್ಯಾಲಿಯಲ್ಲಿ ಕಂಪನಿಯೇ ಇಲ್ಲ. ಫೋಲ್ಡರ್‌ನಲ್ಲಿ ಪ್ರತಿ ಫೈಲಿನ ಹೆಸರಿಗೂ ಗೊತ್ತಿಲ್ಲದ ಬಾಲ, ಒಂದೂ ತೆರೆಯದು. ಡೆಸ್ಕ್‌ಟಾಪ್ ಮೇಲೆ ಒಂದು ಚೀಟಿ, ಫೈಲ್ ಬೇಕಾದರೆ ಬಿಟ್‌ಕಾಯಿನ್ ಕಳಿಸಿ ಅಂತ. ಫೈಲಿಗೆ ಬೀಗ ಹಾಕಿ ದುಡ್ಡು ಕೇಳುವ ರ್ಯಾನ್ಸಮ್‌ವೇರ್ ಅದು. ಬ್ಯಾಕಪ್ ಇದೆಯಲ್ಲ ಅಂದುಕೊಂಡೆ. ಆ ಹಾರ್ಡ್ ಡಿಸ್ಕ್ ವರ್ಷಗಟ್ಟಲೆ ಅದೇ ಕಂಪ್ಯೂಟರಿಗೆ ಚುಚ್ಚಿಯೇ ಇತ್ತು. ಅದರಲ್ಲೂ ಅದೇ ಬಾಲ.

ಪರಿಚಯದ ಇಂಜಿನಿಯರ್ ಒಬ್ಬರು ಬಂದು ವಿಂಡೋಸ್‌ನ ದಾಖಲೆ ತೋರಿಸುವ ಈವೆಂಟ್ ವ್ಯೂವರ್ ತೆರೆದು ತೋರಿಸಿದರು. 4625, 4625, 4625... ಪಾಸ್‌ವರ್ಡ್ ತಪ್ಪಿದಾಗಲೆಲ್ಲ ವಿಂಡೋಸ್ ಬರೆದುಕೊಳ್ಳುವ ನಂಬರ್ ಅದು. ಮೌಸ್ ಚಕ್ರ ತಿರುಗಿಸಿದಷ್ಟೂ ಅದೇ ಸಾಲು. ಶನಿವಾರ ರಾತ್ರಿ 2.40ಕ್ಕೆ ಒಂದು 4624, ಅಂದರೆ ಪಾಸ್‌ವರ್ಡ್ ಸರಿಹೋಯಿತು. ಒಳಗೆ ಬಂದಾಯಿತು. ನಮ್ಮ ಮಂಡಿ ಮೇಲೆ ಯಾರಿಗೂ ದ್ವೇಷ ಇರಲಿಲ್ಲ. ತೆರೆದ ಪೋರ್ಟ್ ಹುಡುಕೋ ಪ್ರೋಗ್ರಾಂಗಳು ಇಂಟರ್‌ನೆಟ್ ತುಂಬಾ ಹಗಲು ರಾತ್ರಿ ಓಡುತ್ತಿರುತ್ತವೆ, ಅಷ್ಟೇ. ಪೋರ್ಟ್ ನಂಬರ್ ಬದಲಿಸಿದರೆ ಸಾಕು ಅನ್ನುವವರನ್ನು ನಂಬಬೇಡಿ, ಅದನ್ನೂ ಹುಡುಕುತ್ತವೆ. ಹಳೆಯ ವಿಂಡೋಸ್‌ನಲ್ಲಿ ನಾವೇ ಸೆಟ್ ಮಾಡದಿದ್ದರೆ ಎಷ್ಟು ಸಲ ತಪ್ಪಿದರೂ ಅಕೌಂಟ್ ಲಾಕ್ ಆಗಲ್ಲ.

ದುಡ್ಡು ಕೊಡಲಿಲ್ಲ. ಕೊಟ್ಟರೂ ಫೈಲ್ ಬಿಡಿಸುವ ಕೀ ಬರುತ್ತೆ ಅನ್ನೋದಕ್ಕೆ ಯಾರು ಜವಾಬ್ದಾರಿ? ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ಕೊಟ್ಟೆ. ನೋ ಮೋರ್ ರ್ಯಾನ್ಸಮ್ ಸೈಟ್‌ನಲ್ಲಿ ಕೆಲವು ಬಗೆಗೆ ಪುಕ್ಕಟೆ ಕೀ ಸಿಗುತ್ತೆ, ನಮ್ಮದಕ್ಕೆ ಸಿಗಲಿಲ್ಲ. ಮುಂದೆ ಸಿಗಬಹುದು ಅಂತ ಆ ಡಿಸ್ಕನ್ನು ಫಾರ್ಮ್ಯಾಟ್ ಮಾಡದೆ ಇಟ್ಟಿದ್ದೇನೆ. ಬಿಲ್ಲಿನ ಲೆಕ್ಕ ಜಿಎಸ್‌ಟಿ ಪೋರ್ಟಲ್‌ನಿಂದ ಅಷ್ಟಿಷ್ಟು ಸಿಕ್ಕಿತು. ರೈತರ ಮುಂಗಡದ ಬಾಕಿ ಸಿಕ್ಕಿದ್ದು ಅಪ್ಪ ಹಟ ಹಿಡಿದು ಕೈಯಲ್ಲಿ ಬರೆಯುವ ಖಾತೆ ಪುಸ್ತಕದಲ್ಲಿ. ಅದನ್ನು ನೋಡಿ ಎಷ್ಟು ಸಲ ನಕ್ಕಿದ್ದೆನೋ.

ಈಗ ಹೊರಗಿಂದ ಬರಬೇಕಾದರೆ ವಿಪಿಎನ್ ಮಾತ್ರ, ಅಂದರೆ ನಮಗಷ್ಟೇ ಇರುವ ಖಾಸಗಿ ದಾರಿ. ಬ್ಯಾಕಪ್‌ಗೆ ಎರಡು ಡಿಸ್ಕ್, ಒಂದು ಯಾವಾಗಲೂ ಮನೆಯ ಬೀರುವಿನಲ್ಲಿ. ನೀವೂ ಇವತ್ತೇ ರೂಟರ್ ಸೆಟ್ಟಿಂಗ್ಸ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಪುಟ ತೆರೆದು ನೋಡಿ, ಹೊರಗೆ ತೆರೆದಿಟ್ಟ ಪೋರ್ಟ್‌ಗಳ ಪಟ್ಟಿ ಅಲ್ಲಿರುತ್ತೆ. ಕೆಲವು ರೂಟರ್‌ಗಳಲ್ಲಿ ಅದಕ್ಕೆ ವರ್ಚುವಲ್ ಸರ್ವರ್ ಅಂತ ಹೆಸರಿರುತ್ತೆ. ನಮ್ಮದರಲ್ಲಿ ಎರಡು ಸಾಲು ಇದ್ದವು. ಎರಡನೆಯದು ಸಿಸಿಟಿವಿ ಹಾಕಿದವರು ತೆರೆದು ಹೋದದ್ದು. ಅದರ ಪಾಸ್‌ವರ್ಡ್ ಇನ್ನೂ 12345 ಇತ್ತು.